ಮೂರು ಆಯ್ಕೆ ಬರೀರಿ

ಬಿಎಸ್ಸಿ ನರ್ಸಿಂಗ್ ಮುಗಿಸಿ, ಗಡಿ ಆಚೆ ತೆಲುಗು ಮಂದಿಯ ರಾಜಧಾನಿಯೊಳಗ ಕೋಠಿ ಹತ್ರದ ಒಂದು ಖಾಸಗಿ ದವಾಖಾನಿಗೆ ಕೆಲಸಕ್ಕ ಸೇರಾಕ ಹೋದೆ. ಕೈಗೊಂದು ಫಾರ್ಮ್ ಕೊಟ್ರು. ಯಾವ ವಾರ್ಡ್ ಬೇಕು, ಮೂರು ಆಯ್ಕೆ ಬರೀರಿ, ಕಾರಣಾನೂ ಬರೀರಿ ಅಂತ ಅದರಾಗಿತ್ತು. ನಾನೊಬ್ಬಾಕಿ ಹುಚ್ಚಿ, ಮೂರೂ ಕಡೆ ಐಸಿಯು ಅಂತ ಬರದು, ಕಾರಣಕ್ಕ ಅರ್ಧ ಪುಟ ತುಂಬಿಸಿದೆ. ಟ್ರೇನಿಂಗಿನಾಗ ಐಸಿಯುದೊಳಗ ಎಂಟು ದಿನ ನೋಡಿಕೊಂಡಿದ್ದ, ಎಚ್ಚರನ ಇಲ್ಲದ ಹೆಣ್ಮಗಳು ನನ್ನ ಕಣ್ಣ ಮುಂದನ ಕಣ್ಣು ತೆರೆದಿದ್ದಳು, ಅದನ್ನೂ ಬರದೆ.

ನೇಮಕಾತಿ ಸಾಹೇಬ್ರು ಒಂದಕ್ಷರ ಓದಲಿಲ್ಲ. ಫಾರ್ಮಿನ ಮ್ಯಾಲೆ ಚಹಾದ ಕಪ್ಪಿಟ್ಟು ಹಿಂದಿಯೊಳಗ ಕೇಳಿದ್ರು, "ಮನಿಯಾಗ ಯಾವ ಭಾಷಾ?"

"ಕನ್ನಡಾರಿ."

"ಭಾಳ ಚಲೋ ಆತು! ಮೊಣಕಾಲು ಆಪರೇಷನ್ ವಾರ್ಡಿಗೆ ಹೋಗ್ರಿ. ಕಲಬುರಗಿ, ಬೀದರ್ ಮಂದಿ ಎಲ್ಲಾ ಅಲ್ಲೇ ಬರ್ತಾರ."

"ಸರ್, ನಾನು ಐಸಿಯು ಬರದೀನಲ್ರಿ."

"ಅಲ್ಲಿ ಪೇಷಂಟಿನ ಬಾಯಾಗ ಪೈಪ್ ಇರ್ತೈತಮ್ಮಾ. ನಿಮ್ಮ ಕನ್ನಡ ಯಾರ ಜೋಡಿ ಮಾತಾಡ್ತೀರಿ?"

ಮುಗೀತು ನನ್ನ ಆಯ್ಕೆ.

ಮರುದಿನ ಮೊದಲ ಪೇಷಂಟ್ ಬೀದರ್ ಕಡೆಯ ಒಬ್ಬ ಮುದುಕಿ. "ಎಷ್ಟು ದಿನದಿಂದ ಮೊಣಕಾಲು ನೋಯಾಕತ್ತಾವ್ರಿ, ಅಮ್ಮಾ?" ಅಂತ ನಗುನಗುತ್ತಾ ಕೇಳಿದೆ. ಆಕಿ ಮಗನ ಕಡೆ ಹೊಳ್ಳಿ, ಮರಾಠಿಯೊಳಗ, "ಈ ಹುಡುಗಿ ಏನಂತಾಳ?" ಅಂದಳು.

ಸಾಹೇಬ್ರಿಗೆ ಹೋಗಿ ಹೇಳಿದೆ. ನಾಚಿಕಿ ಅನ್ನೋದು ಅವರ ಹತ್ರ ಸುಳಿಯಲಿಲ್ಲ. "ಹಂಗಾದ್ರ ಮರಾಠಿ ಕಲೀರಿ" ಅಂದ್ರು.

ಕಲಿಯಾಕತ್ತೀನಿ. ನರ್ಸಿಂಗ್ ಬರ್ತೈತೇನು ಅಂತ ಮಾತ್ರ ಅಲ್ಲಿ ಇಲ್ಲೀತನಕ ಯಾರೂ ಕೇಳಿಲ್ಲ.