ಗೋಡೆಗೆ ಹೋಗುವ ಮೊರ

ಹುದಿಕೇರಿಯ ನನ್ನ ಅಂಗಡಿಗೆ ಬಿದಿರಿನ ಮೊರ ಹೆಣೆದು ತರುತ್ತಿದ್ದ ಅಜ್ಜಿ ಬೆಟ್ಟಕುರುಬರ ಹಾಡಿಯವರು. ಕೊಡುವ ಮುಂಚೆ ಸೆರಗಿನ ಗಂಟು ಬಿಚ್ಚಿ, ಮೊರಕ್ಕೆ ಒಂದು ಹಿಡಿ ಅಕ್ಕಿ ಸುರಿದು ನಾಲ್ಕು ಸಲ ಕೇರುತ್ತಿದ್ದರು. ಕಾಳು ಸೋರದಿದ್ದರೆ ಮಾತ್ರ ಮೊರ ನನ್ನ ಕೈಗೆ. "ಕೇರಿದ್ರೆ ಗೊತ್ತಾಗ್ತದೆ" ಎನ್ನುವುದು ಅವರ ಮಾತು. ಹೊಸ ಅಳಿಯ ಹೇಗೆ ಎಂದು ಕೇಳಿದಾಗಲೂ ಅದನ್ನೇ ಅಂದಿದ್ದರು.

ಒಮ್ಮೆ ರೆಸಾರ್ಟಿನವರೊಬ್ಬರು ಗೋಡೆಗೆ ತೂಗುಹಾಕಲು ನಲವತ್ತು ಮೊರ ಬೇಕೆಂದರು. ಬಿದಿರು ಸೀಳುವುದನ್ನೇ ಬಿಟ್ಟು ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರೂ ಅಜ್ಜಿಯ ಪಕ್ಕ ಕೂತು ಮತ್ತೆ ಕಲಿತು ಹೆಣೆದರು. ನಾನು ಜೀಪು ಮಾಡಿಕೊಂಡು ಮೊರ ತರಲು ಹಾಡಿಗೆ ಹೋದ ದಿನ ಅಜ್ಜಿ ಒಂದೊಂದನ್ನೂ ಕೇರಿ ನೋಡುತ್ತಿದ್ದರು. ಆರು ಮೊರ ಆಗಲೇ ಬದಿಗೆ ಬಿದ್ದಿದ್ದವು. ಅವುಗಳಲ್ಲಿ ಎರಡು ಅವರೇ ಹೆಣೆದವು.

ನಲವತ್ತು ತುಂಬದಿದ್ದರೆ ಆರ್ಡರೇ ಕೈತಪ್ಪುತ್ತದೆಂಬ ಭಯ ನನಗೆ. "ಅವ್ರು ಗೋಡೆಗೆ ಹಾಕೋದು ಅಜ್ಜಿ. ಅಲ್ಲಿ ಯಾರು ಅಕ್ಕಿ ಕೇರ್ತಾರೆ?" ಎಂದು ರೇಗಿದೆ.

ಅಜ್ಜಿ ಕೈ ನಿಲ್ಲಿಸಲಿಲ್ಲ. "ಗೋಡೆ ಎಷ್ಟು ದಿನ ಇರ್ತದೆ ಅಕ್ಕ? ಅದು ಬಿದ್ಮೇಲೂ ಅವ್ರು ಅಕ್ಕಿ ಕೇರಿ ಅನ್ನ ಉಣ್ಬೇಕಲ್ಲ."

ಡ್ರೈವರಿಗೆ ನಾಳೆ ಬರಲು ಹೇಳಿ ಅಂಗಳದಲ್ಲೇ ಕೂತೆ. ಅಜ್ಜಿ ಇನ್ನೊಂದು ಮೊರಕ್ಕೆ ಅಕ್ಕಿ ಸುರಿದು ನನ್ನ ಮುಂದೆ ಹಿಡಿದರು. ನಾನು ಕೇರಿದೆ. ಮೂರು ಕಾಳು ಕೆಳಗೆ ಸೋರಿದವು.

ಏಳನೆಯ ಮೊರವನ್ನು ಬದಿಗಿಟ್ಟವಳು ನಾನೇ.