ತಾಮ್ರದ ತಂತಿಗೆ ವೈನಿಯ ಸೀರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಡಿಪ್ಲೊಮಾದ ಕೊನೆಯ ವರ್ಷ ಅದೆಲ್ಲ ಒಂದು ತಾಮ್ರದ ತಂತಿಯ ಮೇಲಿತ್ತು.

ಕೆಪಾಸಿಟರಿನಲ್ಲಿ ತುಂಬಿದ ಕರೆಂಟನ್ನು ಒಮ್ಮೆಲೇ ತಂತಿಯ ಸುರುಳಿಗೆ ಬಿಟ್ಟರೆ, ಅದು ಅಯಸ್ಕಾಂತವಾಗಿ ಕೊಳವೆಯೊಳಗಿನ ಕಬ್ಬಿಣದ ಮೊಳೆಯನ್ನು ಎಳೆದು ಆಚೆ ಎಸೆಯಬೇಕು. ಅದೇ ನನ್ನ ಪ್ರಾಜೆಕ್ಟು. ಪರೀಕ್ಷಕರ ಮುಂದೆ ಮೊಳೆ ಹಾರದಿದ್ದರೆ ಆ ವರ್ಷ ಹೋದಂತೆ. ರಾವೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಸುರುಳಿ ಸುತ್ತಿದ್ದೆ. ಮೊಳೆ ಕೊಳವೆಯ ಬಾಯಿತನಕ ಬಂದು ತೊಪ್ಪನೆ ಬೀಳುತ್ತಿತ್ತು. ನಿನ್ನ ತೋಪು ಕೆಮ್ಮತದ, ಉಗುಳಂಗಿಲ್ಲ ಎಂದು ಅಣ್ಣ ನಕ್ಕ. ಮನೆಮಂದಿಯೆಲ್ಲ ನಕ್ಕರು. ನಾನು ಊಟ ಬಿಟ್ಟೆ.

ಕಾಲೇಜಿನ ಸರ್ ಸುರುಳಿ ಬಿಚ್ಚಿಸಿ ನೋಡಿದರು. ತಂತಿಯ ಮೈಗೆ ತೊಗಲಿನಂತೆ ಅಂಟಿರುವ ಎನಾಮಲ್ ಅಲ್ಲಲ್ಲಿ ಗೀರು ಬಿದ್ದು ಕಿತ್ತುಹೋಗಿತ್ತು. ಅಂಥ ಕಡೆ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಎಳೆಯುವ ಬಲ ಕುಗ್ಗುತ್ತದೆ ಎಂದರು. ಗೀರಿದ್ದು ನಮ್ಮೂರ ಗಣಿಯ ಕಲ್ಲುಧೂಳು. ಹುಟ್ಟಿದಾಗಿನಿಂದ ಅದನ್ನೇ ಗುಡಿಸುತ್ತ ಬಂದವಳು ನಾನು, ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ! ಹೊಸ ತಂತಿ ತರಿಸಲು ಸಮಯವಿರಲಿಲ್ಲ. ತಂತಿಯನ್ನು ಚೊಕ್ಕ ಒರೆಸಿ, ಕಿತ್ತಲ್ಲೆಲ್ಲ ವಾರ್ನಿಶ್ ತೆಳ್ಳಗೆ ಹಚ್ಚಿ ಮತ್ತೆ ಸುತ್ತಬೇಕಿತ್ತು. ದಪ್ಪ ಹಚ್ಚಿದರೆ ಕೊಳವೆಯ ಮೇಲೆ ಸುತ್ತುಗಳು ಕಡಿಮೆ ಹಿಡಿಯುತ್ತವೆ, ಆಗಲೂ ಬಲ ಕಡಿಮೆಯೇ ಎಂದು ಎಚ್ಚರಿಸಿ ಕಳಿಸಿದರು.

ಒಳಕೋಣೆಯ ಬಾಗಿಲು ಹಾಕಿಕೊಂಡು ಒರೆಸಲು ಕುಳಿತೆ. ಯಾವ ಬಟ್ಟೆ ಹಿಡಿದರೂ ಅದರಲ್ಲೇ ಧೂಳು. ಬಟ್ಟೆಯನ್ನು ಗೋಡೆಗೆ ಎಸೆದೆ. ಅದೇ ಕೋಣೆಯಲ್ಲಿ ಕುಳಿತಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, ಆಗ ಏಳು ತಿಂಗಳ ಬಸುರಿ. ಎದ್ದುಹೋಗಿ ಟ್ರಂಕಿನಿಂದ ಮೆತ್ತನೆಯ ಹಳೆಯ ನೂಲಿನ ಸೀರೆ ತಂದರು. ಅವರ ಅಜ್ಜಿ ಉಟ್ಟದ್ದು; ಹುಟ್ಟುವ ಕೂಸನ್ನು ಸುತ್ತಲೆಂದು ಅವರ ತಾಯಿ ತವರೂರು ಕೊಡ್ಲಿಯಿಂದ ಒಗೆದು ಕಳಿಸಿದ್ದು. ಬೇಡವೇ ಬೇಡ ಎಂದು ನಾನು ಕೂಗಾಡಿದೆ. ಅವರು ಅದನ್ನು ಚರ್ರನೆ ಉದ್ದಕ್ಕೆ ಹರಿದು ಅರ್ಧ ನನ್ನ ಉಡಿಯಲ್ಲಿ ಹಾಕಿದರು.

"ಕೂಸಿಗಿ ಅರ್ಧ ಸಾಕು. ಸುಮ್ಮ ಒರಸು, ನಿನ್ನ ಒಂದ್ ವರ್ಷ ಅದರಾಗದ."

ಸೊಂಟ ಹಿಡಿದುಕೊಂಡೇ ಅವರು ತಂತಿ ಬಿಡುತ್ತ ಹೋದರು, ನಾನು ಒರೆಸಿ ವಾರ್ನಿಶ್ ಹಚ್ಚುತ್ತ ಹೋದೆ. ಒಣಗಿದ ಮೇಲೆ ಇಬ್ಬರೂ ಸೇರಿ ಸುತ್ತಿದೆವು. ಪರೀಕ್ಷಕರ ಮುಂದೆ ಮೊಳೆ ಟಪ್ಪನೆ ಹಾರಿ ಎದುರಿನ ಹಲಗೆಗೆ ನಾಟಿತು. ವೈನಿ ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಹೆರಿಗೆಗೆಂದು ತವರಿಗೆ ಹೋಗಿದ್ದರು.

ಪಾಸಾದ ಸುದ್ದಿ ಹೇಳಲು ಕೊಡ್ಲಿಗೆ ಹೋದಾಗ ತೊಟ್ಟಿಲಲ್ಲಿ ಹೆಣ್ಣುಕೂಸು ಮಲಗಿತ್ತು. ಸುತ್ತಿದ್ದ ಅರ್ಧ ಸೀರೆಗೆ ಅಗಲ ಸಾಲದೆ ಪಾದಗಳು ಹೊರಗಿದ್ದವು. ಉಳಿದ ಸೀರೆ ಎಲ್ಲಿ ಹಾಕಿದೆ ಎಂದು ವೈನಿಯನ್ನು ಅವರ ತಾಯಿ ಗದರುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ವೈನಿ ನನ್ನ ಕಡೆ ನೋಡಿ ನಕ್ಕರು. "ಎಲ್ಲಿ ಹೋಗ್ಯದವ್ವ, ನಮ್ಮನ್ಯಾಗಿನ ದೊಡ್ಡ ಕೂಸಿಗಿ ಬೇಕಾಗಿತ್ತು."