ಖಾಸಬಾಗದಲ್ಲಿ ನಾನು ಮನ್ಯಾಕಿಯಾದೆ

"ದಗದಾ ಭಾಳ ಇಲ್ರಿ. ಕೂಸಿನ್ನ ನೋಡ್ಕೊಂಡ್ರ ಸಾಕು."

ಬೆಳಗಾವಿಯಲ್ಲಿ ನನ್ನನ್ನು ಎದುರುಗೊಂಡ ಮೊದಲ ಮಾತು ಇದು. ಕೊಳ್ಳೇಗಾಲದ ತಾಯವ್ವನಾದ ನನಗೆ 'ದಗದಾ' ಎಂಬುದು 'ದಗಾ' ಎಂದು ಕೇಳಿಸಿತು. ಮೋಸ ಹೆಚ್ಚಿಲ್ಲ, ಸ್ವಲ್ಪವೇ ಇದೆ ಎನ್ನುವ ಹೆಂಗಸಿನ ಮನೆಯಲ್ಲಿ ಇರುವುದು ಹೇಗೆ? ಟ್ರಂಕು ಎತ್ತಿಕೊಂಡು ಹೊರಟೇಬಿಟ್ಟಿದ್ದೆ. ದಗದಾ ಅಂದರೆ ಇಲ್ಲಿ ಕೆಲಸ ಎಂದು ತಿಳಿಸುವಷ್ಟರಲ್ಲಿ, ನನ್ನನ್ನು ಕರೆತಂದಿದ್ದ ಭಾವ ಬೆವೆತುಹೋದರು.

ಅದು ಎಪ್ಪತ್ತಾರನೆಯ ಇಸವಿ. ಗಂಡ ತೀರಿಕೊಂಡಿದ್ದ. ಊರಿನಲ್ಲಿ ನನಗೆ ಉಳಿದಿದ್ದದ್ದು ತಮ್ಮನ ಮನೆಯ ಒಂದು ಮೂಲೆ. ಆ ಮೊದಲ ಮಾತಾಡಿದ ನೀಲಾ ಬೆಳಗಾವಿಯ ಖಾಸಬಾಗದಲ್ಲಿ ಬಾಡಿಗೆಗಿದ್ದಳು; ಆಸ್ಪತ್ರೆಯಲ್ಲಿ ನರ್ಸ್. ಗಂಡನ ಹೊಡೆತ ತಾಳಲಾರದೆ ಎರಡು ವರ್ಷದ ಸುಮಿಯನ್ನು ಎತ್ತಿಕೊಂಡು ಹೊರಬಿದ್ದವಳು.

ನಮ್ಮ ಕಡೆ ಈರುಳ್ಳಿ, ಇಲ್ಲಿ ಉಳ್ಳಾಗಡ್ಡಿ. ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ಜೋಳದ ರೊಟ್ಟಿ ಅಗಿಯುತ್ತಾರೆ. ಮನೆ ಮಾಲಕಿಯ ಮರಾಠಿಯಂತೂ ದೂರವೇ ಉಳಿಯಿತು. ಸುಮಿ ಮಾತ್ರ ಅದನ್ನು ಕಲಿತು ನನ್ನನ್ನು 'ಮಾವಶಿ' ಎಂದು ಕರೆಯತೊಡಗಿದಳು. ಅಂದರೆ ತಾಯಿಯ ತಂಗಿ. ಕೆಲಸದವಳನ್ನೂ ಹಾಗೆಯೇ ಕರೆಯುತ್ತಾರೆ. ನಾನು ಇಬ್ಬರಲ್ಲಿ ಯಾರೆಂದು ಕೇಳುವ ಧೈರ್ಯ ಬರಲಿಲ್ಲ. ಕನ್ನಡದ ಊರಲ್ಲೇ ನಾನು ಮೂಕಿಯಾಗಿದ್ದೆ.

ಒಂದು ಮಳೆಗಾಲ ನನಗೆ ಊಟವೇ ಸೇರದಾಯಿತು. ನೀಲಾ ಅದನ್ನು ಗಮನಿಸಿದ್ದಳು. ಲಸಿಕೆ ಹಾಕಲು ಜಾಂಬೋಟಿಗೆ ಹೋದವಳು ಸಂಜೆ ತೊಯ್ದು ತೊಪ್ಪೆಯಾಗಿ ಬಂದಳು. ಸೆರಗಿನೊಳಗೆ ಮಾತ್ರ ಒಂದು ಚೀಲ ಒಣಗಿಯೇ ಇತ್ತು.

"ಅಲ್ಲಿ ಇದಕ ನಾಚಣಿ ಅಂತಾರ. ನಿಮ್ಮ ರಾಗಿ ಇದ ಹೌದಲ್ಲ?"

ಮರುದಿನ ಅದನ್ನು ಬೀಸಿಸಿ ತಂದು, ನನ್ನನ್ನು ಒಲೆಯ ಹತ್ತಿರ ಬಿಡದೆ ಮುದ್ದೆ ತೊಳಸಿದಳು. ಗಂಟುಗಂಟಾದ ಆ ಮುದ್ದೆಯನ್ನು ತಿನ್ನುತ್ತಾ ನನಗೆ ಅಳು ಬಂತು.

"ಅಷ್ಟು ಕೆಟ್ಟದೈತೇನ, ತಾಯವ್ವ?" ಎಂದು ನಕ್ಕು ನನ್ನ ಕೈ ಹಿಡಿದಳು. ಆ ಕೈಯನ್ನು ಇಬ್ಬರೂ ಬಿಡಲಿಲ್ಲ.

ಅಂದಿನಿಂದ ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಲ್ಲತೊಡಗಿದೆ. ಮೂರು ವರ್ಷದ ಸಂಸಾರದಲ್ಲಿ ಗಂಡನ ದಾರಿಯನ್ನು ಹಾಗೆ ಕಾದಿರಲಿಲ್ಲ. ಇದು ಏನೆಂದು ತಿಳಿದಾಗ ಹೆದರಿದೆ. ಹೆದರಿದ್ದು ಗೊತ್ತಾಗಿ ಅವಳೇ ಹೇಳಿದಳು: "ನನಗೂ ಹಂಗ ಆಗೇತಿ. ಅಂಜಬ್ಯಾಡ."

ಸುಮಿ ಸಾಲೆಗೆ ಸೇರಿದ ವರ್ಷ ತವರೂರು ಪಾರಿಶ್ವಾಡದಿಂದ ನೀಲಾಳ ಅಣ್ಣ ಬಂದ. ಹೆಂಡತಿ ಸತ್ತ ಒಬ್ಬ ಮಾಸ್ತರನ ಸಂಬಂಧ ತಂದಿದ್ದ. ಕೂಸು ಅಜ್ಜಿಯ ಹತ್ತಿರ ಇರಲಿ, ಕೆಲಸದಾಕಿಯನ್ನು ಊರಿಗೆ ಕಳಿಸು ಎಂದ. ನಾನು ಅಡುಗೆಮನೆಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ಹಾಗೇ ನಿಂತಿದ್ದೆ.

"ಅಣ್ಣಾ, ಈಕಿ ಕೆಲಸದಾಕಿ ಅಲ್ಲ. ನಮ್ಮ ಮನ್ಯಾಕಿ."

ಇಲ್ಲಿ ಗಂಡಸರು ಹೆಂಡತಿಯನ್ನು ಹಾಗೆನ್ನುತ್ತಾರೆ. ಅವನು ತಂಗಿಯ ಮುಖವನ್ನೇ ನೋಡಿದ. "ತವರುಮನಿ ಬ್ಯಾಡನ ನಿನಗ?"

"ಬೇಕೋ ಅಣ್ಣಾ. ಈಕೀನೂ ಬೇಕು."

ಚಹಾ ಕುಡಿಯದೆ ಎದ್ದುಹೋದ. ಆರು ವರ್ಷ ಪಾರಿಶ್ವಾಡದಿಂದ ಯಾರೂ ಬರಲಿಲ್ಲ. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಪಂಚಮಿ ಬಂದಾಗಲೆಲ್ಲ ನೀಲಾ ಎರಡು ದಿನ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದಳು. ನನ್ನಿಂದಾದ ಆ ನೋವಿಗೆ ನನ್ನ ಬಳಿ ಮದ್ದಿರಲಿಲ್ಲ.

ಆಮೇಲೆ ಅವಳಿಗೆ ಖಾನಾಪುರಕ್ಕೆ ವರ್ಗವಾಯಿತು. ಮೂವರೂ ಹೋದೆವು. ಅಲ್ಲಿ ಸಂತೆಯಲ್ಲಿ ನಾನು ಮರಾಠಿಯಲ್ಲೇ ಚೌಕಾಸಿ ಮಾಡಿ ಗೆದ್ದ ದಿನ ಸುಮಿ ಬೀದಿಯಲ್ಲೇ ಚಪ್ಪಾಳೆ ತಟ್ಟಿದಳು.

ಕಳೆದ ವರ್ಷ ತಮ್ಮನ ಮನೆಯಲ್ಲಿರುವ ಅವ್ವನಿಗೆ ಕಾಯಿಲೆಯೆಂದು ಕೊಳ್ಳೇಗಾಲಕ್ಕೆ ಹೋಗಿ ಒಂದು ತಿಂಗಳಿದ್ದೆ. ನನ್ನ ಮಾತು ಕೇಳಿ ತಮ್ಮನ ಮಕ್ಕಳು ನಗುತ್ತಿದ್ದರು. ನೀಲಾ, ಸುಮಿ ಕರೆಯಲು ಬಂದರು. ನೀಲಾ ಅವ್ವನ ಕಾಲು ನೀವುತ್ತಾ ಕೂತಳು. ಅವ್ವ ಅವಳನ್ನು ಬಹಳ ಹೊತ್ತು ನೋಡಿ, "ನನ್ ಮಗ್ಳು ಉಂಡ್ಲಾ ಅಂತ ಕೇಳೋರು ಅಲ್ಲಿ ಅವ್ರೆ ಅನ್ನು" ಎಂದಳು. ಹೊರಟಾಗ ನನ್ನ ಸೆರಗು ಹಿಡಿದು, "ಇನ್ನೆರಡ್ ದಿನ ಇರಕ್ಕಾಗಲ್ವೇನೆ?" ಎಂದೂ ಕೇಳಿದಳು.

ಬಸ್ಸು ಹತ್ತಿದೆ. ಅವ್ವನನ್ನು ಬಿಟ್ಟು ಬಂದೆನಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದೆ. ಈ ಬಸ್ಸು ಇನ್ನಷ್ಟು ಜೋರಾಗಿ ಹೋಗಬಾರದೇ ಎಂದೂ ಅನ್ನಿಸುತ್ತಿತ್ತು.